ಚೆಂಡೆ ಮೊದಲೋ, ಮೊಬೈಲ್ ಮೊದಲೋ

ತೀರ್ಥಹಳ್ಳಿ ಹತ್ತಿರದ ನಮ್ಮ ಚಿಕ್ಕಮ್ಮನ ಮನೆಯಿಂದ ಗದ್ದೆಬಯಲು ದಾಟಿದರೆ ಶಾಲೆ ಮೈದಾನ, ಸುಮಾರು ಒಂದು ಕಿಲೋಮೀಟರು. ಹೋದ ಬೇಸಗೆಯಲ್ಲಿ ಅಲ್ಲಿ ಯಕ್ಷಗಾನ ಇತ್ತು. ಕಾಲುನೋವು ಅಂತ ಚಿಕ್ಕಮ್ಮ ಜಗಲಿಯಲ್ಲೇ ಕೂತು ಮೊಬೈಲಿನಲ್ಲಿ ನೇರಪ್ರಸಾರ ನೋಡುತ್ತಿದ್ದರು. ಗದ್ದೆಯಾಚೆ ಚೆಂಡೆ ಬಿರುಸಾಯಿತು, ಶಿಳ್ಳೆ ಬಿತ್ತು, ಎಲ್ಲ ತಣ್ಣಗೂ ಆಯಿತು. ಅಷ್ಟಾದ ಮೇಲೆ ಮೊಬೈಲಿನೊಳಗಿನ ವೇಷ ಮೊಣಕಾಲೂರಿ ಗಿರಗಿರ ಸುತ್ತುವ ಮಂಡಿ ಹಾಕಲು ಶುರುಮಾಡಿತು.

"ಎಂತ ಮಾರಾಯಾ, ಊಟ ಮುಗಿದ ಮೇಲೆ ಎಲೆ ಹಾಕಿದ ಹಾಗಾಯ್ತಲ್ಲ!"

ಗಡಿಯಾರ ಹಿಡಿದು ನೋಡಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಚೆಂಡೆ ನಮ್ಮ ಜಗಲಿಗೆ ಬರಲು 3 ಸೆಕೆಂಡು. ಮೊಬೈಲಿಗೆ 30ರ ಹತ್ತಿರ.

ತಪ್ಪು ದೂರದ್ದಲ್ಲ. ಇಂಟರ್ನೆಟ್ ಸಾಗುವ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಚಿತ್ರ ಮುಂಬೈಗೆ ಹೋಗಿ ಬಂದು 2,000 ಕಿಲೋಮೀಟರ್ ಸುತ್ತಿದರೂ ದಾರಿಗೆ ತಗಲುವುದು ಸೆಕೆಂಡಿನ ನೂರನೇ ಒಂದು ಪಾಲು. ತಡವಾಗುವುದು ಬೇರೆ ಕಡೆ. ನೇರಪ್ರಸಾರದಲ್ಲಿ ವಿಡಿಯೋವನ್ನು ಕೆಲವು ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಕಳಿಸುತ್ತಾರೆ. ಸಿಗ್ನಲ್ ಕೈಕೊಟ್ಟೀತೆಂದು ಮೊಬೈಲು ಎರಡು ಮೂರು ತುಂಡು ಕೂಡಿಟ್ಟುಕೊಂಡೇ ತೋರಿಸಲು ಶುರುಮಾಡುತ್ತದೆ, ನಾವು ಮಳೆಗಾಲಕ್ಕೆ ಮುಂಚೆ ಕಟ್ಟಿಗೆ ಒಟ್ಟಿಕೊಂಡ ಹಾಗೆ.

ಬರೇ ನೋಡುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ನೋಡುಗರೇ ನೃತ್ಯದ ಮುಂದಿನ ನಡೆ ಆರಿಸುವ ಆನ್‌ಲೈನ್ ಪ್ರಯೋಗಗಳಿಗೆ ಈ 30 ಸೆಕೆಂಡೇ ಶತ್ರು. ಬಯಲಲ್ಲಿ ಶಿಳ್ಳೆ ಬಿದ್ದರೆ ಭಾಗವತರು ಅದೇ ಪದ ಎತ್ತಿ ಹಾಡುತ್ತಾರೆ, ವೇಷಧಾರಿ ಇನ್ನೆರಡು ಸುತ್ತು ತಿರುಗುತ್ತಾನೆ. ಮೊಬೈಲಿನಿಂದ ಹೊರಟ ಶಿಳ್ಳೆ ತಲುಪುವಾಗ ಅವನು ಬಣ್ಣ ಹಚ್ಚುವ ಚೌಕಿಯಲ್ಲಿ ಚಹಾ ಕುಡಿಯುತ್ತಿರಬಹುದು.

ಕಟ್ಟಿಗೆ ಒಟ್ಟದೆ ಒಲೆ ಹಚ್ಚುವುದು ಒಂದು ದಾರಿ. ವಿಡಿಯೋ ಕಾಲ್ ಹಾಗೆಯೇ ನಡೆಯುವುದು. ತಡ ಅರ್ಧ ಸೆಕೆಂಡಿಗೂ ಕಡಿಮೆ. ನಮ್ಮ ಕಡೆಯ ಸಿಗ್ನಲ್‌ನಲ್ಲಿ ಚಿತ್ರ ಚಿಂದಿಯಾಗುತ್ತದೆ, ಅಷ್ಟೇ. ಎಲ್ಲ ಆಯ್ಕೆಗಳನ್ನೂ ಮೊದಲೇ ಕುಣಿದು ಚಿತ್ರೀಕರಿಸಿಡಬಹುದು ಅನ್ನುವವರು ಲೆಕ್ಕ ಹಾಕಿ ನೋಡಲಿ: ಹತ್ತು ಸಲ ಎರಡೆರಡು ಆಯ್ಕೆ ಕೊಟ್ಟರೆ 1,024 ಬಗೆಯ ಆಟ. 1967ರಲ್ಲಿ ಮಾಂಟ್ರಿಯಲ್‌ನ ವಸ್ತುಪ್ರದರ್ಶನದಲ್ಲಿ ಪ್ರೇಕ್ಷಕರು ಗುಂಡಿ ಒತ್ತಿ ಕಥೆ ಆರಿಸುವ 'ಕಿನೋಆಟೊಮ್ಯಾಟ್' ಸಿನಿಮಾ ಬಂತು. ಯಾವ ಗುಂಡಿ ಒತ್ತಿದರೂ ಕಥೆ ತಿರುಗಿ ಒಂದೇ ಜಾಗಕ್ಕೆ ಬಂದು ಸೇರುತ್ತಿತ್ತು! ನನಗದು ಮೋಸ ಅನ್ನಿಸುವುದಿಲ್ಲ. ಪ್ರಸಂಗದಲ್ಲೂ ಕೀಚಕ ಕೊನೆಗೆ ಸಾಯಲೇಬೇಕಲ್ಲ.

ನನಗೆ ಹಿಡಿಸಿದ ಉಪಾಯ ಬೇರೆ: ಚಿತ್ರದ ಬದಲು ಮೈಯ ಚಲನೆಯನ್ನೇ ಕಳಿಸುವುದು. ಈಗಿನ ತಂತ್ರಾಂಶ ಸಾಧಾರಣ ಕ್ಯಾಮರಾದಿಂದಲೇ ದೇಹದ 33 ಬಿಂದುಗಳನ್ನು ಗುರುತಿಸಬಲ್ಲದು. ಒಂದೊಂದಕ್ಕೆ ಮೂರು ಸಂಖ್ಯೆ, ಸೆಕೆಂಡಿಗೆ 30 ಸಲ; ಎಲ್ಲ ಸೇರಿ 12 ಕಿಲೋಬೈಟ್ ಆಸುಪಾಸು. ವಿಡಿಯೋದ ಮುಂದೆ ಇದು ಚಿಟಿಕೆ ಉಪ್ಪು. ಆಮೇಲೆ ಆ ಬಿಂದುಗಳಿಂದ ಮೈಯ ಚಿತ್ರ ಬಿಡಿಸುವುದು ನೋಡುಗರ ಮೊಬೈಲಿನ ಕೆಲಸವಾದ್ದರಿಂದ, ಯಾವ ಬದಿಯಿಂದ ನೋಡಬೇಕು, ಯಾವ ಬೆಳಕು, ಎಷ್ಟು ವೇಗ ಎಂಬುದನ್ನು ಅವರು ಕಾಯದೇ ಬದಲಿಸಬಹುದು. ಆದರೆ 33 ಚುಕ್ಕಿಗಳಲ್ಲಿ ತಲೆಗೆ ಕಟ್ಟುವ ಮುಂದಲೆಯ ಹೊಳಪಿಲ್ಲ, ಮಂಡಿ ಹಾಕುವಾಗ ಏಳುವ ಧೂಳಿಲ್ಲ.

ಚಿಕ್ಕಮ್ಮನಿಗೆ ಅಷ್ಟರಲ್ಲಿ ಈ ತಡವೇ ಪಳಗಿಬಿಟ್ಟಿತ್ತು. ಗದ್ದೆಯಾಚೆ ಕಿವಿಗೊಟ್ಟು, ಪಕ್ಕದಲ್ಲಿದ್ದ ಮೊಮ್ಮಗನಿಗೆ ಹೇಳಿದರು: "ನೋಡ್ತಾ ಇರು, ಈಗ ಭೀಮ ಬರ್ತಾನೆ."