ಬಣ್ಣ ನೋಡಿ ಮಾರ್ಕ್ಸ್ ಹಾಕಬೇಡಿ

"ಮೇಡಂ, ತಿಂದ ಬೀಟ್‌ರೂಟ್ ಹಾಗೇ ಕೆಂಪಗೆ ಹೊರಗೆ ಬಂತು. ಮೈಗೆ ಹತ್ತಲೇ ಇಲ್ಲ ಅಲ್ವಾ?"

ಡಯೆಟಿಷಿಯನ್ ಆದ ನನಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಒಬ್ಬ ಹಿರಿಯರಂತೂ ಪುಟ್ಟ ಡೈರಿಯನ್ನೇ ತಂದಿದ್ದರು. ಒಂದು ಕಡೆ ತಿಂದದ್ದು, ಇನ್ನೊಂದು ಕಡೆ ಮಾರನೇ ದಿನದ ಮಲ-ಮೂತ್ರದ ಬಣ್ಣ: "ಕಡುಗೆಂಪು", "ತಿಳಿಗೆಂಪು", "ಏನೂ ಇಲ್ಲ". ಕೆಂಪು ಬಂದ ದಿನ ಹೊಟ್ಟೆ ಫೇಲ್ ಅಂತ ಅವರ ಲೆಕ್ಕ. ಇಷ್ಟು ಶಿಸ್ತು ನನಗಿದ್ದಿದ್ದರೆ!

ಬೀಟ್‌ರೂಟ್ ತಿಂದವರಲ್ಲಿ ನೂರಕ್ಕೆ 10ರಿಂದ 14 ಜನಕ್ಕೆ ಮೂತ್ರ ಕೆಂಪಾಗುತ್ತದೆ. ಹೊಟ್ಟೆಯ ಆಮ್ಲ ಎಷ್ಟಿತ್ತು, ಊಟ ಎಷ್ಟು ಹೊತ್ತು ಒಳಗಿತ್ತು ಅನ್ನೋದರ ಮೇಲೆ ಅದೇ ಮನುಷ್ಯನಿಗೂ ಒಂದೊಂದು ದಿನ ಒಂದೊಂದು ಥರ. ಅಷ್ಟೇ.

ಬಣ್ಣ ಕಾಣಲಿಲ್ಲ ಅಂದರೂ ಅದು ಎಲ್ಲೂ ಮಾಯವಾಗಿಲ್ಲ. ನೇರಳೆ ದ್ರಾಕ್ಷಿ, ಬ್ಲೂಬೆರಿಗೆ ಬಣ್ಣ ಕೊಡುವ ಆಂಥೋಸಯಾನಿನ್ ತಗೊಳ್ಳಿ. ಇದು ಇದ್ದ ಹಾಗೇ ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಬಹುಪಾಲು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಮೊದಲು ಅದಕ್ಕೆ ಅಂಟಿದ ಸಕ್ಕರೆ ಕಿತ್ತುಕೊಳ್ಳುತ್ತವೆ, ಆಮೇಲೆ ಅದರ ಅಣುವಿನ ನಡುವಿನ ಉಂಗುರ ಒಡೆದು ಸಣ್ಣ ಸಣ್ಣ ಫೀನಾಲಿಕ್ ಆಮ್ಲಗಳಾಗಿ ತುಂಡು ಮಾಡುತ್ತವೆ, ಆ ತುಂಡುಗಳಿಗೆ ಬಣ್ಣವೇ ಇಲ್ಲ! ರಕ್ತಕ್ಕೆ ಹೋಗುವುದು ಹೆಚ್ಚಾಗಿ ಇವೇ. 2013ರ ಒಂದು ಅಧ್ಯಯನದಲ್ಲಿ 8 ಗಂಡಸರಿಗೆ ಕಾರ್ಬನ್-13 (ಮೈಯೊಳಗೆ ಎಲ್ಲಿ ಹೋದರೂ ಪತ್ತೆ ಹಚ್ಚಬಹುದಾದ, ಸ್ವಲ್ಪ ಭಾರದ ಕಾರ್ಬನ್) ಗುರುತು ಹಾಕಿದ 500 ಮಿಲಿಗ್ರಾಂ ಆಂಥೋಸಯಾನಿನ್ ಕೊಟ್ಟರು. ಸುಮಾರು ಶೇ. 12ರಷ್ಟು ಗುರುತು ಮೂತ್ರ ಮತ್ತು ಉಸಿರಲ್ಲಿ ಸಿಕ್ಕಿತು. ಉಸಿರಲ್ಲಿ! ಅಂದರೆ ಒಂದಿಷ್ಟು ಪೂರ್ತಿ ಕಾರ್ಬನ್ ಡೈಆಕ್ಸೈಡ್ ಆಗುವವರೆಗೂ ಒಡೆದಿತ್ತು. ಅದನ್ನು ಡೈರಿಯಲ್ಲಿ ಯಾವ ಬಣ್ಣ ಅಂತ ಬರೀತೀರಿ?

ಈ ತುಂಡುಗಳಿಂದ ಇಂಥ ಕಾಯಿಲೆ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ಹಾಗೆ ಫಾರ್ವರ್ಡ್ ಮಾಡಬೇಡಿ. ಎಲ್ಲರ ಬ್ಯಾಕ್ಟೀರಿಯಾ ಒಂದೇ ಥರ ಇರಲ್ಲ. ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್ ಅನ್ನೋ ಪದಾರ್ಥವನ್ನು ಒಡೆಯುವ ಯೂಬ್ಯಾಕ್ಟೀರಿಯಂ ರಾಮುಲಸ್ ಅನ್ನೋ ಬ್ಯಾಕ್ಟೀರಿಯಾ ಕೂಡ ಒಬ್ಬರಲ್ಲಿ ಜಾಸ್ತಿ, ಇನ್ನೊಬ್ಬರಲ್ಲಿ ಕಡಿಮೆ. ಪಕ್ಕದವರ ಜೊತೆ ಹೋಲಿಸಿಕೊಂಡು ಸುಮ್ನೆ ಕೊರಗಬೇಡಿ.

ಇಷ್ಟೆಲ್ಲಾ ಹೇಳಿ ಡೈರಿ ವಾಪಸ್ ಕೊಡುವಾಗ ಒಂದು ಸಾಲು ಕಣ್ಣಿಗೆ ಬಿತ್ತು. ಹಿಂದಿನ ನಾಲ್ಕು ದಿನ ಬೀಟ್‌ರೂಟ್ ಇಲ್ಲ, ಕೆಂಪಗಿನ ಬೇರೇನೂ ಇಲ್ಲ, ಆದರೂ "ಕೆಂಪು". ಅವರು ಅದನ್ನೂ ಬೀಟ್‌ರೂಟ್ ಲೆಕ್ಕಕ್ಕೇ ಸೇರಿಸಿದ್ದರು. ರಕ್ತ ಇರಬಹುದು ಅಂತ ಅವತ್ತೇ ಡಾಕ್ಟರ್ ಹತ್ತಿರ ಕಳಿಸಿದೆ. ಪುಣ್ಯಕ್ಕೆ ಬರೀ ಪೈಲ್ಸ್.