ಇದು ಔಷಧಿ ಅಲ್ಲ ಕಣ್ರೀ, ಹುಳ

ದ್ರಾಕ್ಷಿಗೆ ಹಿಟ್ಟು ತಿಗಣೆ ಬಿತ್ತು ಅಂದ್ರೆ ನಂಗೆ ಬರೋ ಫೋನೆಲ್ಲ ಹೆಚ್ಚುಕಮ್ಮಿ ಒಂದೇ ಥರ. "ಸಾರ್, ಗಿಡಕ್ಕೆ ತಿಗಣೆ ತಿನ್ನೋ ಗುಲಗಂಜಿ ಹುಳ ಹತ್ತು ಅಂದ್ರಿ, ನಾನು ಮೂವತ್ತು ಬಿಟ್ಬಿಡ್ಲಾ? ಹೆಂಗೂ ಜೈವಿಕ, ಸೈಡ್ ಎಫೆಕ್ಟ್ ಇಲ್ವಲ್ಲ."

ಈ ಕೊನೇ ಮಾತಿಗೆ ಮೈ ಉರಿಯುತ್ತೆ. ಔಷಧಿ ಹೊಡೆದ್ರೆ ಅದರ ಪವರ್ರು ಒಂದಿನ ಇಳಿಯುತ್ತೆ, ಹುಳ ಹಾಗಲ್ಲ, ಮೊಟ್ಟೆ ಇಡುತ್ತೆ, ಮರಿ ಮಾಡುತ್ತೆ, ಹಾರುತ್ತೆ, ನಿಮ್ಮ ತಂತಿಬೇಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಕೇಳಬೇಕಾದ್ದು ಒಂದೇ: ನಿಮ್ಮ ತೋಟದ ತಿಗಣೆ ಮುಗಿದ ಮೇಲೆ ಇದು ಏನನ್ನ ತಿನ್ನುತ್ತೆ?

ನಾವು ಬಿಡೋ ಗುಲಗಂಜಿ ಹುಳದ ಹೆಸರು ಕ್ರಿಪ್ಟೊಲೇಮಸ್, ಆಸ್ಟ್ರೇಲಿಯಾದ ಜೀರುಂಡೆ. ಕಾಫಿಯ ಹಸಿರು ಶಲ್ಕ ಕೀಟಕ್ಕೆ ಅಂತ 1898ರಲ್ಲಿ ತಂದಿದ್ದು, ಇಲ್ಲೇ ಬೇರು ಬಿಟ್ಟಿದೆ, ಹಾಗಾಗಿ ಇವತ್ತು ಗಾಬರಿ ಬೀಳೋ ವಿಷಯ ಅಂತ ನಾನೇನೂ ಹೇಳ್ತಿಲ್ಲ, ನಾನೂ ಬಿಡಿಸ್ತೀನಿ. ಆದ್ರೆ ಅದರ ಬಾಯಿ ದೊಡ್ಡದು. ಪಾಪಾಸುಕಳ್ಳಿ ಸಾಯ್ಸೋಕೆ ಅಂತ ಸೌತ್ ಆಫ್ರಿಕಾದವರು ಬಿಟ್ಟ ಕೊಚಿನಿಯಲ್ ಹುಳಾನ ಇದೇ ಜೀರುಂಡೆ ತಿಂದು ಕೆಲಸ ಕೆಡಿಸಿದೆ. ನಮ್ಮ ತೋಟದಲ್ಲಿ ಅನಗೈರಸ್ ಅಂತ ಒಂದು ಪುಟ್ಟ ಕಣಜ ಇದೆ, ತಿಗಣೆ ಹೊಟ್ಟೆಯೊಳಗೇ ಮೊಟ್ಟೆ ಇಡುತ್ತೆ. ಯಾವ ತಿಗಣೆ ಬಸುರಿ ಅಂತ ನೋಡ್ಕೊಂಡು ತಿನ್ನೋಕೆ ಕ್ರಿಪ್ಟೊಲೇಮಸ್‌ಗೆ ಏನಾಗ್ಬೇಕು? ಎರಡೂ ಸೇರಿಸಿ ನುಂಗುತ್ತೆ, ಅಲ್ಲಿಗೆ ಕಣಜದ ಸಂಸಾರ ಮುಗೀತು.

ಚಿಕ್ಕಬಳ್ಳಾಪುರದ ಕಡೆ ಒಬ್ಬ ರೈತರು ಕಾಂಡದ ತೊಗಟೆ ಎಬ್ಬಿಸಿ, "ನೋಡಿ ಸಾರ್ ಎಂಥಾ ದಪ್ಪ ತಿಗಣೆ" ಅಂತ ಹೆಬ್ಬೆರಳಲ್ಲಿ ಹಿಸುಕೇ ಬಿಟ್ರು. ಅದು ಅವರೇ ದುಡ್ಡು ಕೊಟ್ಟು ತಂದು ಬಿಟ್ಟಿದ್ದ ಜೀರುಂಡೆಯ ಮರಿ! ಮೈತುಂಬಾ ಬಿಳೀ ಮೇಣದ ಎಳೆ ಇರೋದ್ರಿಂದ ತಿಗಣೆ ಥರಾನೇ ಕಾಣುತ್ತೆ, ಮುಟ್ಟಿದ್ರೆ ಮಾತ್ರ ಸರಸರ ಓಡುತ್ತೆ, ತಿಗಣೆ ಓಡಲ್ಲ. ಪಕ್ಕದಲ್ಲೇ ಕಡಲೆಬೀಜದಷ್ಟೂ ಇಲ್ಲದ ಒಂದು ಕೋಶ ಅಂಟಿತ್ತು. ಲೆನ್ಸ್ ಕೊಟ್ಟೆ. ಕಣ್ಣು, ಮೂಗು, ಮೂತಿ, ಥೇಟ್ ಕೋತಿ. "ಬಾರೇ ಇಲ್ಲಿ" ಅಂತ ಹೆಂಡತೀನ ಕೂಗಿದ್ರು. ಸ್ಪಾಲ್ಜಿಸ್ ಅನ್ನೋ ನಮ್ಮ ನೆಲದ್ದೇ ಚಿಟ್ಟೆ ಅದು, ಅದರ ಹುಳ ಎಲೆ ಮುಟ್ಟಲ್ಲ, ತಿಗಣೆ ತಿಂದೇ ಬೆಳೆಯುತ್ತೆ. ಬಿಟ್ಟಿ ಕೂಲಿ ಮಾಡ್ತಿರೋರ ತಟ್ಟೆಗೆ ಇನ್ನೊಂದು ಡಬ್ಬಿ ಹುಳ ಯಾಕೆ ಸುರೀಬೇಕು? ಆ ಡಬ್ಬಿ ಬೇರೆ ಪ್ಲಾಟಿಗೆ ಹಾಕ್ಸಿದೆ.

ಇನ್ನು ಕೆಲವರು, "ಫಾರಿನ್‌ದು ಇನ್ನೂ ಜೋರಂತೆ, ತರಿಸ್ಲಾ?" ಅಂತಾರೆ. ದಯವಿಟ್ಟು ಬೇಡ. ಏಷ್ಯಾದ ಹಾರ್ಲೆಕ್ವಿನ್ ಗುಲಗಂಜಿ ಹುಳಾನ ಯುರೋಪಿನಲ್ಲಿ ಗಿಡಹೇನು ತಿನ್ನಲಿ ಅಂತ ಬಿಟ್ರು, 2004ರಲ್ಲಿ ಬ್ರಿಟನ್ನಿಗೂ ಹೋಯ್ತು, ಐದೇ ವರ್ಷಕ್ಕೆ ಅಲ್ಲಿನ ಎರಡು ಚುಕ್ಕೆಯ ಗುಲಗಂಜಿ ಹುಳ ಶೇ. 44ರಷ್ಟು ಕಮ್ಮಿ. ಅದು ಸಾಲದು ಅಂತ ದ್ರಾಕ್ಷಿ ಗೊಂಚಲಲ್ಲಿ ಸೇರ್ಕೊಂಡು ಹಣ್ಣಿನ ಜೊತೆ ಅರೆದು ಹೋದ್ರೆ ವೈನೇ ವಾಸನೆ. ತರೋದಕ್ಕೂ ಒಂದು ರೀತಿ ಇದೆ. 2010ರಲ್ಲಿ ಪಪ್ಪಾಯ ತಿಗಣೆಗೆ ಪೋರ್ಟೊರಿಕೊದಿಂದ ಕಣಜ ಬಂದಾಗ ಬೆಂಗಳೂರಲ್ಲಿ ಕ್ವಾರಂಟೈನ್‌ನಲ್ಲಿಟ್ಟು ಪರೀಕ್ಷೆ ಮಾಡಿದ ಮೇಲೇನೇ ಬಿಟ್ಟಿದ್ದು.

ಆರ್ಡರ್ ಮಾಡೋಕೆ ಮುಂಚೆ ಹದಿನೈದಿಪ್ಪತ್ತು ಗಿಡದ ತೊಗಟೆ ಎತ್ತಿ ನೋಡಿ. ಒಣಗಿ ಗಟ್ಟಿಯಾದ ಕಂದು ತಿಗಣೆ (ಕಣಜ ಮೊಟ್ಟೆ ಇಟ್ಟಿದ್ದು), ಕೋತಿ ಮುಖ, ಏನು ಕಂಡ್ರೂ ಫೋಟೋ ಕಳಿಸಿ. ಬೆಳಗ್ಗೆ ಆರಕ್ಕೆ ಮಾತ್ರ ಫೋನ್ ಮಾಡ್ಬೇಡಿ.