ಕನ್ನಡದ ಟಿ.ವಿ. ಮೊದಲು ಬಂದದ್ದು ಬೆಂಗಳೂರಿಗೋ, ಕಲಬುರಗಿ ಸೀಮೆಗೋ?

ಓದುಗರ ಪ್ರಶ್ನೆ: ಕರ್ನಾಟಕದಲ್ಲಿ ದೂರದರ್ಶನ ಆರಂಭವಾದದ್ದು 1981ರಲ್ಲಿ, ಬೆಂಗಳೂರಿನಲ್ಲಿ ಎಂದು ಓದಿದ್ದೇನೆ. ಆದರೆ ಕಲಬುರಗಿ, ರಾಯಚೂರು ಕಡೆಯ ಹಿರಿಯರು ಅದಕ್ಕೂ ಮೊದಲೇ ತಮ್ಮೂರಿನಲ್ಲಿ ಟಿ.ವಿ. ನೋಡಿದ್ದಾಗಿ ಹೇಳುತ್ತಾರೆ. ಇವೆರಡರಲ್ಲಿ ಯಾವುದು ನಿಜ? ಈಗಿನ ಚಂದನ ವಾಹಿನಿಗೂ ಆ ಹಳೆಯ ಪ್ರಸಾರಕ್ಕೂ ಏನಾದರೂ ಸಂಬಂಧವಿದೆಯೇ?

ಉತ್ತರ: ಹಿರಿಯರ ನೆನಪು ಸರಿಯಾಗಿಯೇ ಇದೆ. ಬೆಂಗಳೂರು ದೂರದರ್ಶನ ಕೇಂದ್ರ ಕೆಲಸ ಆರಂಭಿಸಿದ್ದು 1981ರ ನವೆಂಬರ್ 1ರಂದು, ರಾಜ್ಯೋತ್ಸವದ ದಿನ, ಇದೂ ನಿಜ. ಆದರೆ ಅದಕ್ಕೆ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದೇ, ಗುಲ್ಬರ್ಗ (ಈಗಿನ ಕಲಬುರಗಿ), ರಾಯಚೂರು ಮತ್ತು ಬಿಜಾಪುರ (ಈಗಿನ ವಿಜಯಪುರ) ಜಿಲ್ಲೆಗಳ ಆಯ್ದ ಹಳ್ಳಿಗಳಲ್ಲಿ ಕನ್ನಡದ ಟೆಲಿವಿಷನ್ ಕಾರ್ಯಕ್ರಮಗಳು ಕಾಣತೊಡಗಿದ್ದವು. ರಾಜಧಾನಿಯ ಜನ ಕನ್ನಡದ ಟಿ.ವಿ. ನೋಡುವ ಮೊದಲು, ವಿದ್ಯುತ್ ಸಂಪರ್ಕವೂ ಸರಿಯಾಗಿಲ್ಲದ ಊರುಗಳ ರೈತರೂ ಶಾಲಾ ಮಕ್ಕಳೂ ಅದನ್ನು ನೋಡಿದ್ದರು.

ಇದಕ್ಕೆ ಕಾರಣವಾದದ್ದು ‘ಸೈಟ್’ ಎಂದು ಪ್ರಸಿದ್ಧವಾದ ಉಪಗ್ರಹ ಬೋಧನಾ ಟೆಲಿವಿಷನ್ ಪ್ರಯೋಗ. ಟೆಲಿವಿಷನ್ ನಗರದಿಂದ ಹಳ್ಳಿಗೆ ನಿಧಾನವಾಗಿ ಹರಡುವುದನ್ನು ಕಾಯುತ್ತ ಕೂರದೆ, ಉಪಗ್ರಹದ ಮೂಲಕ ನೇರವಾಗಿ ಹಿಂದುಳಿದ ಹಳ್ಳಿಗಳಿಗೇ ತಲುಪಿಸಬೇಕು ಎಂಬುದು ವಿಕ್ರಮ್ ಸಾರಾಭಾಯಿ ಅವರ ಹಂಬಲವಾಗಿತ್ತು. ಅಮೆರಿಕದ ನಾಸಾ ಸಂಸ್ಥೆಯೊಂದಿಗೆ 1969ರಲ್ಲಿ ಒಪ್ಪಂದವಾಯಿತು. ಪ್ರಯೋಗ ಕೈಗೂಡುವ ಹೊತ್ತಿಗೆ ಸಾರಾಭಾಯಿ ಬದುಕಿರಲಿಲ್ಲ. ನಾಸಾದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತಕ್ಕೆ ಒದಗಿಸಲಾಯಿತು. ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳನ್ನು ಆರಿಸಿಕೊಂಡು, ಒಂದೊಂದು ಹಳ್ಳಿಗೆ ಒಂದೊಂದು ಸಾಮೂಹಿಕ ಟಿ.ವಿ. ಇಡಲಾಯಿತು.

ಆ ವ್ಯವಸ್ಥೆಯನ್ನು ತುಸು ಹತ್ತಿರದಿಂದ ನೋಡಬೇಕು. ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಪಕ್ಕದಲ್ಲಿ, ಕೋಳಿಗೂಡಿಗೆ ಬಳಸುವಂಥ ತಂತಿ ಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಬೋಗುಣಿಯಾಕಾರದ ಆಂಟೆನಾ ಇರುತ್ತಿತ್ತು. ಅದು ಆಕಾಶದಿಂದ ಹಿಡಿದ ಸಂಕೇತವನ್ನು ಒಂದು ಸಣ್ಣ ಪರಿವರ್ತಕ ಪೆಟ್ಟಿಗೆಯು ಟಿ.ವಿ.ಗೆ ಒಗ್ಗುವಂತೆ ಮಾಡಿಕೊಡುತ್ತಿತ್ತು. ಕರೆಂಟ್ ಇಲ್ಲದ ಊರಿನಲ್ಲಿ ಟಿ.ವಿ. ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ ಪ್ರಸಾರ. ಈ ನಾಲ್ಕು ಗಂಟೆಗಳನ್ನು ಹಿಂದಿ, ಒಡಿಯಾ, ತೆಲುಗು ಮತ್ತು ಕನ್ನಡ ಭಾಷೆಗಳು ಹಂಚಿಕೊಳ್ಳಬೇಕಿತ್ತು. ಉಪಗ್ರಹವು ಒಂದೇ ಚಿತ್ರದೊಂದಿಗೆ ಎರಡು ಭಾಷೆಗಳ ಧ್ವನಿಗಳನ್ನು ಕಳುಹಿಸಬಲ್ಲದಾಗಿತ್ತು. ಕನ್ನಡದ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಕೃಷಿ, ಆರೋಗ್ಯ, ಕುಟುಂಬ ಕಲ್ಯಾಣ, ಮಕ್ಕಳಿಗೆ ವಿಜ್ಞಾನ, ನಡುವೆ ಒಂದಿಷ್ಟು ಹಾಡು-ನಾಟಕ, ಇಷ್ಟೇ ಅದರ ಹೂರಣ. ಮನೆಮನೆಗೂ ಟಿ.ವಿ. ಇಲ್ಲದ ಆ ಕಾಲದಲ್ಲಿ ಊರಿಗೆ ಊರೇ ನೆಲದ ಮೇಲೆ ಕುಳಿತು ಒಂದೇ ಪರದೆಯನ್ನು ನೋಡುತ್ತಿತ್ತು ಎಂಬುದನ್ನು ಮರೆತರೆ ಆ ಪ್ರಸಾರದ ಮಹತ್ವ ನಮಗೆ ತಿಳಿಯುವುದಿಲ್ಲ.

1976ರ ಜುಲೈ 31ಕ್ಕೆ ಒಪ್ಪಂದದ ವರ್ಷ ಮುಗಿಯಿತು, ಉಪಗ್ರಹವೂ ನಾಸಾದ ಬಳಕೆಗೆ ಹಿಂದಿರುಗಿತು. ಒಂದು ವರ್ಷ ಕನ್ನಡದಲ್ಲಿ ಮಾತಾಡಿದ ಪೆಟ್ಟಿಗೆ ಏಕಾಏಕಿ ಮೌನವಾಗುವುದು ಆ ಹಳ್ಳಿಗಳಿಗೆ ಸಣ್ಣ ನಷ್ಟವಾಗಿರಲಿಲ್ಲ. ಪ್ರಯೋಗ ನಡೆದ ಪ್ರದೇಶಗಳನ್ನು ಕೈಬಿಡಬಾರದೆಂದು ನೆಲದ ಮೇಲಿನ ಪ್ರಸಾರ ಗೋಪುರಗಳನ್ನು ನಿರ್ಮಿಸುವ ಯೋಜನೆ ರೂಪುಗೊಂಡಿತು. ಅದರಂತೆ 1977ರಲ್ಲಿ ಗುಲ್ಬರ್ಗಕ್ಕೆ ಪ್ರಸಾರ ಕೇಂದ್ರ ಬಂತು. ಹಾಗಾಗಿ ಗೋಪುರದ ಲೆಕ್ಕ ಹಿಡಿದರೂ ಕಲಬುರಗಿಯೇ ಬೆಂಗಳೂರಿಗಿಂತ ನಾಲ್ಕು ವರ್ಷ ಹಿರಿದು. ಇತಿಹಾಸ ಬರೆಯುವಾಗ ಈ ನಾಲ್ಕು ವರ್ಷವನ್ನು ನುಂಗಿಹಾಕಿ 1981ರಿಂದಲೇ ಕಥೆ ಆರಂಭಿಸುವುದು ತಪ್ಪು ಮಾತ್ರವಲ್ಲ, ಕಲ್ಯಾಣ ಕರ್ನಾಟಕಕ್ಕೆ ಮಾಡುವ ಅನ್ಯಾಯವೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಬೆಂಗಳೂರಿನ ಮಾತು. ಇಲ್ಲಿನ ಕೇಂದ್ರದಿಂದ ಸಂಜೆಯ ಕೆಲವು ಗಂಟೆಗಳ ಕಾಲ ಮಾತ್ರ ಕನ್ನಡ ಕಾರ್ಯಕ್ರಮಗಳು ಬರುತ್ತಿದ್ದವು. 1982ರಲ್ಲಿ ದೆಹಲಿಯಿಂದ ರಾಷ್ಟ್ರೀಯ ಪ್ರಸಾರ ಆರಂಭವಾದ ಮೇಲೆ ರಾತ್ರಿಯ ಮುಖ್ಯ ಹೊತ್ತು ಹಿಂದಿ ಮತ್ತು ಇಂಗ್ಲಿಷಿನ ಪಾಲಾಯಿತು. ಕನ್ನಡಕ್ಕೆ ಉಳಿದ ಆ ಕಿರಿದಾದ ಅವಧಿಯಲ್ಲೇ ವಾರ್ತೆ, ರೈತರ ಕಾರ್ಯಕ್ರಮ, ನಾಟಕ, ಸಂದರ್ಶನ, ಸುಗಮ ಸಂಗೀತ ಎಲ್ಲವೂ ತೂರಿಕೊಳ್ಳಬೇಕಿತ್ತು. ಚಲನಚಿತ್ರ ಗೀತೆಗಳ ‘ಚಿತ್ರಮಂಜರಿ’ಗಾಗಿ ಟಿ.ವಿ. ಇದ್ದ ಮನೆಯ ಪಡಸಾಲೆ ನೆರೆಹೊರೆಯವರಿಂದ ತುಂಬುತ್ತಿದ್ದ ಚಿತ್ರ ಆ ತಲೆಮಾರಿನವರ ಮನಸ್ಸಿನಲ್ಲಿ ಇನ್ನೂ ಮಾಸಿಲ್ಲ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. 1983ರಲ್ಲಿ ಇನ್ಸಾಟ್-1ಬಿ ಉಪಗ್ರಹ ಕಕ್ಷೆ ಸೇರಿದ ಬಳಿಕ ದೇಶದ ಊರೂರಿನಲ್ಲಿ ಕಡಿಮೆ ಶಕ್ತಿಯ ಪ್ರಸಾರ ಗೋಪುರಗಳು ಎದ್ದವು. ಆದರೆ ಅವು ಮರುಪ್ರಸಾರ ಮಾಡುತ್ತಿದ್ದುದು ಉಪಗ್ರಹದಿಂದ ಬರುವ ದೆಹಲಿಯ ಕಾರ್ಯಕ್ರಮಗಳನ್ನು. ಬೆಂಗಳೂರಿನ ಕಾರ್ಯಕ್ರಮ ಅಲ್ಲಿಗೆ ತಲುಪಲು ಪ್ರತ್ಯೇಕ ಸಂಪರ್ಕ ಬೇಕಾಗಿತ್ತು. ಹೀಗಾಗಿ ರಾಜ್ಯದ ಅನೇಕ ಪಟ್ಟಣಗಳಲ್ಲಿ ಟಿ.ವಿ. ಬಂದರೂ ಅದರಲ್ಲಿ ಕನ್ನಡ ಬರಲು ಇನ್ನಷ್ಟು ಕಾಲ ಹಿಡಿಯಿತು. 1975ರಲ್ಲಿ ರಾಯಚೂರು ಸೀಮೆಯ ಹಳ್ಳಿಗಾಡಿಗೂ ಕನ್ನಡವನ್ನು ತಲುಪಿಸಬಹುದೆಂದು ತೋರಿಸಿಕೊಟ್ಟ ತಂತ್ರಜ್ಞಾನ ಹತ್ತು ವರ್ಷದ ನಂತರ ಕನ್ನಡಿಗರಿಗೆ ಮೊದಲು ಹಿಂದಿಯನ್ನು ತಲುಪಿಸಿದ್ದು ಕೈಯಲ್ಲಿದ್ದ ಪಾಠವನ್ನು ಮರೆತಂತೆ.

ಆ ಕೊರತೆಯನ್ನು ತುಂಬಿದ್ದು 1990ರ ದಶಕದಲ್ಲಿ ಬಂದ ದೂರದರ್ಶನದ ಪ್ರಾದೇಶಿಕ ಉಪಗ್ರಹ ವಾಹಿನಿಗಳು. ಕನ್ನಡದ್ದಕ್ಕೆ ಆಗ ಇದ್ದ ಹೆಸರು ಡಿಡಿ-9. ‘ಚಂದನ’ ಎಂಬ ಹೆಸರು ಬಂದದ್ದು ಆಮೇಲೆ. ಅಂದರೆ ಚಂದನವು 1981ರ ಬೆಂಗಳೂರು ಕೇಂದ್ರದ ಮುಂದುವರಿಕೆ. ಕಲಬುರಗಿಯ ಕೇಂದ್ರವೂ ಅದಕ್ಕೆ ಕಾರ್ಯಕ್ರಮಗಳನ್ನು ಒದಗಿಸಿದೆ. ನೀವು ಕೇಳಿದ ಸಂಬಂಧ ಇದೇ. 1994ರಲ್ಲಿ ಉದಯ ಟಿ.ವಿ. ಬಂದು ಖಾಸಗಿ ಸ್ಪರ್ಧೆ ಶುರುವಾಯಿತು. ಆದರೂ 1998ರ ಹೊತ್ತಿಗೆ ಟಿ.ಎನ್. ಸೀತಾರಾಂ ಮತ್ತು ಅವರ ಸಂಗಡಿಗರ ‘ಮಾಯಾಮೃಗ’ ಧಾರಾವಾಹಿ ಸಂಜೆಯ ಹೊತ್ತು ನಾಡನ್ನು ದೂರದರ್ಶನದ ಮುಂದೆ ಕೂರಿಸಿತ್ತು.

ಈ ವಾಹಿನಿಯ ಸ್ವಭಾವವನ್ನು ಒಂದೇ ಕಾರ್ಯಕ್ರಮದಿಂದ ತೋರಿಸಿ ಎಂದರೆ ನಾನು 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯನ್ನು ಹೆಸರಿಸುತ್ತೇನೆ. ವೈದ್ಯರೂ ಆದ ನಾ. ಸೋಮೇಶ್ವರ ಪ್ರಶ್ನೆ ಕೇಳುತ್ತಾರೆ. ಸರಿಯುತ್ತರ ಕೊಟ್ಟವರ ಕೈಗೆ ದುಡ್ಡಲ್ಲ, ಕನ್ನಡ ಪುಸ್ತಕ ಬರುತ್ತದೆ. ಉತ್ತರ ತಪ್ಪಾದಾಗ ಸರಿಯಾದದ್ದು ಯಾವುದು, ಏಕೆ ಎಂಬ ವಿವರಣೆ ಸಿಗುತ್ತದೆ, ಯಾರನ್ನೂ ಹಂಗಿಸುವುದಿಲ್ಲ. ಹಳ್ಳಿಯ ಶಾಲಾಮಕ್ಕಳಿಗೆ ಬೆಳಗಿನ ಪಾಠ ಹೇಳುತ್ತಿದ್ದ 1975ರ ಪ್ರಸಾರದ ಗುಣ ಇದರಲ್ಲಿ ಉಳಿದುಕೊಂಡಿದೆ ಎಂದು ನನಗೆ ಅನ್ನಿಸುತ್ತದೆ.

ಕೊನೆಯದಾಗಿ, ಇಂದು ಚಂದನ ನೋಡಬೇಕೆನ್ನುವವರಿಗೆ ಒಂದು ಮಾತು. ಮಾಳಿಗೆಯ ಮೇಲಿನ ಹಳೆಯ ಕಡ್ಡಿ ಆಂಟೆನಾ ಈಗ ಉಪಯೋಗಕ್ಕೆ ಬರುವುದು ಕಷ್ಟ. ದೇಶದ ಬಹುತೇಕ ಅನಲಾಗ್ ಗೋಪುರಗಳ ಪ್ರಸಾರವನ್ನು ದೂರದರ್ಶನ ಹಂತಹಂತವಾಗಿ ನಿಲ್ಲಿಸಿದೆ. ಕೇಬಲ್ ಇರುವವರಿಗೆ 1995ರ ಕೇಬಲ್ ಕಾಯ್ದೆ ರಕ್ಷಣೆಯಾಗಿದೆ: ಸರ್ಕಾರ ಸೂಚಿಸಿದ ದೂರದರ್ಶನದ ವಾಹಿನಿಗಳನ್ನು ಆಪರೇಟರು ಕೊಡಲೇಬೇಕು. ಕೇಬಲ್ ಬೇಡವೆನ್ನುವವರು 2004ರಲ್ಲಿ ಆರಂಭವಾದ, ಈಗ ಡಿಡಿ ಫ್ರೀ ಡಿಶ್ ಎಂದು ಕರೆಯಲಾಗುವ ಸೇವೆಯಲ್ಲಿ ಚಂದನವನ್ನು ತಿಂಗಳ ಶುಲ್ಕವಿಲ್ಲದೆ ನೋಡಬಹುದು. ಅದಕ್ಕೆ ಬೇಕಾದದ್ದು ಸೆಟ್-ಟಾಪ್ ಬಾಕ್ಸ್ ಮತ್ತು ಒಂದು ಡಿಶ್; ಈ ಸಲ ಹತ್ತಡಿಯದಲ್ಲ, ಒಬ್ಬರೇ ಎತ್ತಿಕೊಂಡು ಮಾಳಿಗೆ ಹತ್ತಬಹುದಾದಷ್ಟು ಸಣ್ಣದು.